ರಾಧಮ್ಮನ ಪಾಲಿನ ಅಳು

ಬಿ.ಜಿ. ಕೆರೆಯಿಂದ ಗೆಳತಿ ಹುಚ್ಚಕ್ಕನ ಗಂಡ ಚಿತ್ತಪ್ಪ ತೀರಿಹೋದ ಸುದ್ದಿ ಬಂದಾಗ ರಾಧಮ್ಮ ನಕ್ಕುಬಿಟ್ಟಳು. ಸಣ್ಣ ನಗೆಯಲ್ಲ, ಹೊಟ್ಟೆ ಹಿಡಿದುಕೊಂಡು ಬಗ್ಗುವಂಥದ್ದು. ಹೋದ ವರ್ಷ ಲಕ್ವ ಹೊಡೆದ ಮೇಲೆ ಅವಳ ಕಾಲು ಸರಿಹೋಯಿತು, ಮಾತು ಸರಿಹೋಯಿತು, ನಗು ಮಾತ್ರ ಹಳಿ ತಪ್ಪಿತು. ದುಃಖ ಉಕ್ಕಿದರೂ ನಗುವೇ ಬರುತ್ತದೆ. ಅಳು ನಗುಗಳನ್ನು ಹಿಡಿತದಲ್ಲಿಡುವ ನರಕ್ಕೆ ಪೆಟ್ಟಾಗಿದೆ, ಮನಸ್ಸಿಗೇನೂ ಆಗಿಲ್ಲ ಎಂದು ಚಳ್ಳಕೆರೆಯ ಡಾಕ್ಟರು ಬಿಡಿಸಿ ಹೇಳಿದ್ದರು. ಆದರೆ ಊರವರಿಗೆಲ್ಲ ಅವರೇ ಬಂದು ಹೇಳುತ್ತಾರೆಯೇ?

"ನೀನು ಬರೋದು ಬ್ಯಾಡ," ಎಂದ ಗಂಡ ಗಂಗರಾಜು. "ಅಲ್ಲಿ ನಕ್ರೆ ಜನ ಸುಮ್ನೆ ಬಿಡ್ತಾರಾ?"

"ಜನ ಹಾಳಾಗೋಗ್ಲಿ. ಹುಚ್ಚಕ್ಕ ಏನಂದ್ಕೊಂಡಾಳು ಅಂತ ನಂಗೆ ಭಯ. ಆದ್ರೂ ಹೋಗ್ದೆ ಹೆಂಗಿರ್ಲಿ, ಹೇಳ್ರಿ?"

ಮೊಳಕಾಲ್ಮೂರಿನ ಈ ಮನೆಯಲ್ಲಿ ಗೆಳತಿಯರಿಬ್ಬರೂ ಒಂದೇ ಮಗ್ಗಕ್ಕೆ ಕೂತವರು. ರಾಧಮ್ಮ ಸೀರೆಯ ಒಡಲು ನೇಯ್ದರೆ ಹುಚ್ಚಕ್ಕ ಪಕ್ಕದಲ್ಲಿ ಕೂತು ಅಂಚಿನ ಲಾಳಿ ಎಸೆಯುತ್ತಿದ್ದಳು. ಲಕ್ವ ಹೊಡೆದು ಮಗ್ಗ ನಿಂತ ಮೇಲೆ ಹುಚ್ಚಕ್ಕ ಗಂಡನ ಊರು ಸೇರಿದಳು. ಈ ನಗುವನ್ನು ಅವಳು ಇನ್ನೂ ಕಂಡಿರಲಿಲ್ಲ.

ಗಂಡ ಹೆಂಡತಿ ಬಿ.ಜಿ. ಕೆರೆ ಮುಟ್ಟಿದಾಗ ಅಂಗಳದಲ್ಲಿ ಹೆಣ ಮಲಗಿಸಿದ್ದರು. ಬಂದ ಹೆಂಗಸರು ಒಬ್ಬೊಬ್ಬರಾಗಿ ಹುಚ್ಚಕ್ಕನ ಕೊರಳು ತಬ್ಬಿ, ಸತ್ತವನನ್ನು ಕರೆದು ಮಾತಾಡಿಸುತ್ತ ರಾಗವಾಗಿ ಅಳಬೇಕು. ರಾಧಮ್ಮ ಬಾಯಿಗೆ ಸೆರಗು ತುರುಕಿಕೊಂಡು ಹತ್ತಿರ ಹೋದಳು. ಗೆಳತಿಯ ಕೈ ಮುಟ್ಟಿದ್ದೇ ತಡ, ಸೆರಗು ಜಾರಿ ನಗು ಹೊರಬಿತ್ತು.

ಅಳುತ್ತಿದ್ದವರೆಲ್ಲ ಗಪ್ಪನೆ ನಿಲ್ಲಿಸಿದರು. ಸಾವಿನ ಮನೆಯಲ್ಲೂ ಕೆಲವರಿಗೆ ಕಂಡವರ ಮುಖ ನೋಡಲು ಪುರಸೊತ್ತಿರುತ್ತದೆ ನೋಡಿ. "ಹೆಣದ ಮುಂದೆ ಕಿಸೀತಾಳಲ್ಲ! ಆಚೆ ಎಳ್ಕೊಂಡು ಹೋಗ್ರೇ ಇವಳ್ನ," ಎಂದು ಒಬ್ಬಳು ಕೂಗಿದಳು. ಗಂಗರಾಜು ಅವಳನ್ನು ಕರೆದೊಯ್ಯಲು ಎದ್ದು ಮುಂದೆ ಬಂದ. ರಾಧಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಗುತ್ತಲೇ ಕೈ ಬಿಡಿಸಿಕೊಂಡು ಏಳಲು ನೋಡಿದಳು.

ಹುಚ್ಚಕ್ಕ ಕೈ ಬಿಡಲಿಲ್ಲ. ಆ ನಡುಗುವ ಬೆರಳುಗಳನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ಸುಮ್ನಿರ್ರೇ," ಎಂದಳು. "ಮಗ್ಗದಾಗೆ ನಾನ್ಯಾವತ್ತು ಇವಳ ಮುಖ ನೋಡಿದ್ದೆ? ಇಬ್ರ ಕಣ್ಣೂ ನೂಲಿನ ಮ್ಯಾಲೆ. ಇವಳ ಸಂಕಟ ನಂಗೆ ಇವಳ ಕೈಯಾಗೇ ಗೊತ್ತಾಗ್ತಿತ್ತು. ಈಗ್ಲೂ ಗೊತ್ತಾಗ್ತೈತೆ." ರಾಧಮ್ಮನ ತಲೆಯನ್ನು ಎದೆಗೆ ಒತ್ತಿಕೊಂಡಳು. "ನೀನು ನಗು, ರಾಧಿ. ನಿನ್ನ ಪಾಲಿಂದೂ ನಾನೇ ಅಳ್ತೀನಿ."

ಮೊದಲು ತನ್ನ ಗಂಡನಿಗಾಗಿ ಅತ್ತಳು. ಆಮೇಲೆ ರಾಧಮ್ಮ ಅಳಬೇಕಾಗಿದ್ದ ಮಾತನ್ನೇ ಎತ್ತಿಕೊಂಡಳು.

"ಅಣ್ಣಾ, ನಿನ್ನ ತಂಗಿ ರಾಧಿ ಬಂದವ್ಳೆ, ಎದ್ದು ಮಾತಾಡ್ಸಣ್ಣಾ..."

ಕಟ್ಟಿಕೊಂಡ ಗಂಡನನ್ನು ಅಣ್ಣಾ ಎಂದು ಕರೆದು ಅಳುತ್ತಿದ್ದಳು ಹುಚ್ಚಕ್ಕ. ಅಲ್ಲಿದ್ದ ಒಬ್ಬರೂ ಅವಳನ್ನು ತಿದ್ದಲಿಲ್ಲ.