ಹೊಕ್ಕುಳು ಒಣಗದ ತಾಟೆ

ಹೊಸಂಗಡಿ ಪೇಟೆಯಲ್ಲಿ ಹರಿಣಾಕ್ಷಿಯ ಬುಟ್ಟಿಗೆ ಮರ್ಯಾದೆ ಬಂದದ್ದೇ ತಾಟೆಯಿಂದ. ಬಂಗುಡೆ, ಬೂತಾಯಿಯಂಥ ಮೀನು ಯಾರ ಹತ್ತಿರವೂ ಸಿಗುತ್ತದೆ. ತಾಟೆ ಎಂದರೆ ಶಾರ್ಕು. ಅದರ ಎಳೆಯ ಮರಿಯನ್ನು ತಿಂದರೆ ಬಾಣಂತಿಗೆ ಹಾಲು ಉಕ್ಕುತ್ತದೆಂದು ಊರಿಗೆ ಊರೇ ನಂಬಿದೆ. ಯಾರ ಮನೆಯಲ್ಲಿ ಹೆರಿಗೆಯಾದರೂ ಅಲ್ಲಿಂದೊಬ್ಬರು ಬಸ್ಸಿಳಿದು ನೇರ ಅವಳ ಬುಟ್ಟಿಯ ಮುಂದೆ ನಿಲ್ಲುತ್ತಿದ್ದರು. ‘ತಾಟೆಯಕ್ಕ’ ಎಂದರೆ ರಿಕ್ಷಾದವರಿಗೂ ಗೊತ್ತು. ಆ ಹೆಸರಿನ ಬಗ್ಗೆ ಅವಳಿಗೆ ಜಂಬವಿತ್ತು. ಯಾಕಿರಬಾರದು?

ಅಂಥವಳ ಸ್ವಂತ ಮಗಳು ರಶ್ಮಿತಾ, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು, ತಾಟೆ ಮುಟ್ಟುವುದಿಲ್ಲವೆಂದು ಹಟ ಹಿಡಿದು ಕೂತಿದ್ದಳು!

ತಪ್ಪೆಲ್ಲ ಆ ಕೆಲಸದ್ದು ಎಂದು ಹರಿಣಾಕ್ಷಿಯ ಲೆಕ್ಕ. ಮದುವೆಗೆ ಮೊದಲಿಂದಲೂ ರಶ್ಮಿತಾ ಮೀನು ಸಂಶೋಧನೆಯ ಆಫೀಸಿನ ಪರವಾಗಿ ಬಂದರಿನಲ್ಲಿ ಸರ್ವೆಗೆ ಹೋಗುತ್ತಿದ್ದಳು. ಟ್ರಾಲ್ ಬೋಟುಗಳು ತಂದು ಸುರಿದ ಶಾರ್ಕುಗಳನ್ನು ಅಳೆಯುವುದು, ಹೊಟ್ಟೆ ನೋಡುವುದು, ಬರೆದುಕೊಳ್ಳುವುದು. ಮೀನು ಮಾರಿ ಓದಿಸಿದ ಮಗಳು ಮೀನಿನ ಪರ ವಕೀಲಿಕೆಗೆ ನಿಂತರೆ ಯಾವ ತಾಯಿಗೆ ಮೈ ಉರಿಯುವುದಿಲ್ಲ? ಬೇಡಿಕೊಂಡಳು, ಬೈದಳು. ಕೊನೆಗೆ ಒಂದು ಮಧ್ಯಾಹ್ನ ತಾಟೆಯನ್ನು ಬೇಯಿಸಿ, ಹಿಸುಕಿ, ಕಾಳುಮೆಣಸು ಬೆಳ್ಳುಳ್ಳಿಯಲ್ಲಿ ಮುಳುಗಿಸಿ, ಕಾಣೆ ಮೀನು ಎಂದು ಸುಳ್ಳು ಹೇಳಿ ಬಡಿಸಿದಳು.

ರಶ್ಮಿತಾ ಒಂದು ತುತ್ತು ಬಾಯಿಗಿಟ್ಟು ಬಟ್ಟಲನ್ನು ದೂರ ತಳ್ಳಿದಳು.

“ಅಮ್ಮ, ನಾನು ನಿಮ್ಮದೇ ಮಗಳು. ತಾಟೆಯ ರುಚಿ ನನಗೆ ಗೊತ್ತಿಲ್ವಾ?”

“ಗೊತ್ತಿದ್ದರೆ ತಿನ್ನು! ನೀನೊಬ್ಬಳು ಬಿಟ್ಟರೆ ಬೋಟಿನವರು ಬಲೆ ಮಡಚಿಟ್ಟು ಮನೆಗೆ ಹೋಗ್ತಾರಾ? ಮೊದಲು ಅವರನ್ನು ನಿಲ್ಲಿಸ್ಲಿಕ್ಕೆ ಹೇಳು ನಿನ್ನ ಆಫೀಸಿಗೆ.”

“ಅದನ್ನೂ ಹೇಳ್ತೇನೆ. ಅವರು ಕೇಳುವವರೆಗೆ ನಾನು ತಿನ್ನಬೇಕು ಅಂತ ಉಂಟಾ? ಈ ಮರಿಗಳು ಮೊನ್ನೆ ಮೊನ್ನೆ ಹುಟ್ಟಿದ್ದು ಅಮ್ಮ. ಹೊಕ್ಕುಳು ಸಹ ಒಣಗಿರುವುದಿಲ್ಲ.”

“ಮೀನಿಗೆಂತ ಹೊಕ್ಕುಳು! ನನಗೆ ಹೇಳಿಕೊಡ್ಲಿಕ್ಕೆ ಬರ್ಬೇಡ,” ಎಂದು ಹರಿಣಾಕ್ಷಿ ಬಟ್ಟಲೆತ್ತಿಕೊಂಡು ಒಳಗೆ ಹೋದಳು. ಆ ದಿನವೆಲ್ಲ ಅಡಿಗೆಮನೆಯ ಪಾತ್ರೆಗಳೇ ಮಾತಾಡಿದವು.

ಅಷ್ಟರಲ್ಲಿ ಮೊಗ್ರಾಲಿನಿಂದ ಬೀಗಿತ್ತಿ ಅಮ್ಮಣಿ ಬಂದಿಳಿದಳು. ಮೊಮ್ಮಗನನ್ನು ನೋಡಲು ಬಂದವಳು ಬರಿಗೈಯಲ್ಲಿ ಬರುತ್ತಾಳೆಯೇ? ಚೀಲದ ತುಂಬ ತಾಟೆ ಮರಿಗಳು.

“ಮಗ ಗಲ್ಫಿನಿಂದ ಫೋನಿನಲ್ಲಿ ಎಲ್ಲ ಹೇಳಿದ್ದಾನೆ ಹರಿಣಾಕ್ಷಿಯಕ್ಕ. ಊರಿನ ಬಾಣಂತಿಯರಿಗೆಲ್ಲ ನೀವು ತಿನ್ನಿಸ್ತೀರಿ, ನಮ್ಮ ಸೊಸೆಗೆ ಮಾತ್ರ ಬೇಡವಂತೆ. ಇವತ್ತು ಅವಳು ತಿನ್ನುವುದನ್ನು ನೋಡಿಯೇ ನಾನು ಹೋಗುವುದು.”

ಹರಿಣಾಕ್ಷಿ ಚೀಲ ತೆಗೆದುಕೊಂಡು ಹಿತ್ತಲಿಗೆ ಹೋಗಿ ಮೀನು ಕೊಯ್ಯುವ ಮೆಟ್ಟುಕತ್ತಿಯ ಮುಂದೆ ಕೂತಳು. ಒಳಗೊಳಗೆ ಸಮಾಧಾನವೇ ಆಗಿತ್ತು. ತಾಯಿಯ ಮಾತಿಗೆ ಬಗ್ಗದವಳು ಅತ್ತೆಯ ಮಾತಿಗಾದರೂ ಬಗ್ಗಲಿ.

ಮೊದಲ ಮರಿಯನ್ನು ಮಗುಚಿ ಹಿಡಿದಾಗ ಅವಳ ಕೈ ನಿಂತಿತು. ಎರಡು ರೆಕ್ಕೆಗಳ ನಡುವೆ, ಹೊಟ್ಟೆಯ ಬಿಳುಪಿನಲ್ಲಿ, ಒಂದು ಸಣ್ಣ ಸೀಳು. ಅಂಚು ಇನ್ನೂ ಕೆಂಪಗಿತ್ತು. ಇನ್ನೊಂದನ್ನು ಮಗುಚಿದಳು. ಅದರಲ್ಲೂ ಇತ್ತು, ನೂಲಿನಂಥದ್ದೊಂದು ಎಳೆ ಇನ್ನೂ ಜೋತಾಡುತ್ತಿತ್ತು. ಈ ಸೀಳನ್ನು ಅವಳು ಇದುವರೆಗೆ ಕಂಡಿರಲಿಲ್ಲವೆಂದಲ್ಲ. ಕಂಡು ಕಂಡು ಅದು ಕಣ್ಣಿಗೆ ಬೀಳದ ಹಾಗೆ ಆಗಿತ್ತು. ಬೆಳಿಗ್ಗೆ ಮಗುವನ್ನು ಮೀಯಿಸಿ, ಬಳ್ಳಿ ಉದುರಿದ ಹೊಕ್ಕುಳ ಸುತ್ತ ನೋವಾಗದ ಹಾಗೆ ನೀರು ಒರೆಸಿದ್ದು ಇದೇ ಬೆರಳು.

ಅವಳಿಗೆ ಸಿಟ್ಟು ಬಂತು. ಮಗಳ ಮೇಲೆ, ಮಗಳು ಹೇಳಿದ್ದು ನಿಜವಾದದ್ದರ ಮೇಲೆ, ಇಷ್ಟು ವರ್ಷ ಕತ್ತರಿಸಿದ ತನ್ನ ಕೈಯ ಮೇಲೆ. ಮರಿಗಳನ್ನು ಹಾಗೆಯೇ ಚೀಲಕ್ಕೆ ತುಂಬಿ, ಕೈ ತೊಳೆದು, ಚಾವಡಿಗೆ ಬಂದಳು.

“ಅಮ್ಮಣಿಯಕ್ಕ, ಬೇಸರ ಮಾಡ್ಬೇಡಿ. ಇದನ್ನು ಅವಳು ತಿನ್ನುವುದಿಲ್ಲ.”

“ಅವಳು ಬೇಡ ಅಂದರೆ ನೀವು ಕೇಳುವುದಾ?”

“ಅವಳು ಅಂದದ್ದಲ್ಲ. ನಾನು ಹೇಳುವುದು. ಬೇರೆ ಮೀನು ಉಂಟು, ಮೆಂತ್ಯೆ ಗಂಜಿ ಉಂಟು. ಮಗು ಹಾಲು ಕುಡಿದು ಹೆಚ್ಚಾದದ್ದನ್ನು ಕಕ್ಕುವುದನ್ನು ನೀವೇ ನೋಡಿ.”

ಅಮ್ಮಣಿಯ ಮುಖ ಸಣ್ಣದಾಯಿತು. “ಮಗುವಿಗೆ ಹಾಲು ಕಮ್ಮಿಯಾದರೆ ನಾಳೆ ಯಾರು ಜವಾಬ್ದಾರಿ?”

“ನಾನೇ. ಬೈಗುಳವೂ ನನಗೇ ಇರಲಿ.”

ಅಮ್ಮಣಿ ಚಹಾ ಕುಡಿಯದೆ, ಚೀಲವನ್ನು ಎತ್ತಿಕೊಂಡು ಬಸ್ಸಿಗೆ ಹೋದಳು. ಒಳಗಿನ ಕೋಣೆಯಿಂದ ರಶ್ಮಿತಾ ಎಲ್ಲ ಕೇಳಿಸಿಕೊಂಡಿದ್ದಳು. ಅತ್ತು ಮೂಗು ಒರೆಸಿಕೊಂಡವಳು ಸುಮ್ಮನಿದ್ದಿದ್ದರೆ ಆಗುತ್ತಿತ್ತು.

“ಅಮ್ಮ, ಮರಿ ಮಾತ್ರ ಅಲ್ಲ, ಬಸುರಿ ತಾಟೆಗಳನ್ನು ಬಿಡುವುದು ಅದಕ್ಕಿಂತಲೂ ಮುಖ್ಯ...”

“ಬಾಯಿ ಮುಚ್ಚಿ ಗಂಜಿ ಕುಡಿ ಮಾರಾಯ್ತಿ. ಒಂದೊಂದಾಗಿ ಆಗ್ಲಿ.”

ಬಾಣಂತನ ಮುಗಿದು ಹರಿಣಾಕ್ಷಿ ಮತ್ತೆ ಬುಟ್ಟಿ ಹಿಡಿದು ಬಂದರಿಗೆ ಹೋದಾಗ ಏಜೆಂಟ್ ಕೃಷ್ಣಕುಮಾರ ಅವಳಿಗೆಂದೇ ತೆಗೆದಿಟ್ಟ ಪೆಟ್ಟಿಗೆಯನ್ನು ಮುಂದಕ್ಕೆ ನೂಕಿದ. ಮಂಜುಗಡ್ಡೆಯ ಮೇಲೆ ತಾಟೆ ಮರಿಗಳು ಸಾಲಾಗಿ ಮಲಗಿದ್ದವು. ಅವಳು ಒಂದೊಂದನ್ನೂ ಮಗುಚಿ ನೋಡಿದಳು. ಸುತ್ತ ನಿಂತ ಹೆಂಗಸರು ಅವಳನ್ನೇ ನೋಡುತ್ತಿದ್ದರು.

“ಇದು ನನಗೆ ಬೇಡ. ಹೊಕ್ಕುಳು ಒಣಗದ್ದನ್ನು ಇನ್ನು ನಾನು ಮಾರುವುದಿಲ್ಲ.”

ಕೃಷ್ಣಕುಮಾರ ನಕ್ಕ. “ನೀವು ಬಿಟ್ಟರೆ ಇನ್ನೊಬ್ಬರು ಒಯ್ತಾರೆ ಅಕ್ಕ. ನಿಮ್ಮ ಹೆಸರೇ ತಾಟೆಯಕ್ಕ. ಬಾಣಂತಿ ಮನೆಯವರು ಬಂದು ಕೇಳಿದರೆ ಎಂತ ಹೇಳ್ತೀರಿ?”

“ನನ್ನ ಮಗಳು ತಿನ್ನಲಿಲ್ಲ ಅಂತ ಹೇಳ್ತೇನೆ. ಮೊಮ್ಮಗನನ್ನು ಎತ್ತಿಕೊಂಡು ಬಂದು ಬುಟ್ಟಿಯ ಪಕ್ಕ ಮಲಗಿಸ್ತೇನೆ. ಅವನ ಕೆನ್ನೆ ನೋಡಿ ಹೋಗ್ಲಿ.”

“ನಿಮ್ಮೊಂದು ಬುಟ್ಟಿಯಿಂದ ಕಡಲು ಉಳಿಯುತ್ತದಾ?”

ಹರಿಣಾಕ್ಷಿ ಬೂತಾಯಿಯ ಪೆಟ್ಟಿಗೆಯತ್ತ ತಿರುಗಿದಳು.

“ಕಡಲು ಯಾರದ್ದು ಅಂತ ನನಗೆ ಗೊತ್ತಿಲ್ಲ, ಕೃಷ್ಣಕುಮಾರ. ಬುಟ್ಟಿ ನನ್ನದು.”