ಎಡಗೈಯ ತಟ್ಟೆ

ಒದ್ದೆ ನೂಲಿಗೆ ಹಚ್ಚಿದ ಗಂಜಿಯ ಹುಳಿವಾಸನೆ ಎಂದರೆ ಗುರುಸಿದ್ದವ್ವನಿಗೆ ಇಳಕಲ್ಲಿನ ತವರುಮನೆ. ಬಾಗಲಕೋಟೆಯ ಕಾಲೇಜಿನ ಲ್ಯಾಬಿನಲ್ಲಿ, ಗಾಜಿನ ತಟ್ಟೆಗಳಲ್ಲಿ ಕಾಗದದಂಥ ಪಟ್ಟಿಗಳನ್ನು ನೆನೆಹಾಕಿದ್ದ ಹಾಲುಪುಡಿಯ ನೀರು ಸೆಕೆಗೆ ಹುಳಿಯತೊಡಗಿದಾಗ ಅದೇ ನೆನಪಾಯಿತು.

ಎಂಬತ್ತೆಂಟರ ಬೇಸಿಗೆ. ಕರೆಂಟು ಹೋಗಿ, ತಟ್ಟೆಗಳನ್ನು ತೊಟ್ಟಿಲಿನಂತೆ ಅತ್ತಿತ್ತ ತೂಗುವ ಯಂತ್ರ ನಿಂತಿತ್ತು. ಲ್ಯಾಬು ಗುಡಿಸುವ ದಸ್ತಗೀರಬಿ ಕರೆಯದೆಯೇ ಬಂದು, ಎರಡು ಕೈಗೆ ಎರಡು ತಟ್ಟೆ ಹಿಡಿದು ಕೂತಳು.

"ನೀವು ಒಂದೀಟ ಕೂಡ್ರಿ ಅಕ್ಕಾರ. ಮೊಮ್ಮಕ್ಕಳ ತೊಟ್ಟಲಾ ತೂಗಿದ ಕೈ ಇವು. ಆದ್ರ ಹಾಲಿನ್ಯಾಗ ಕಾಗದಾ ತೂಗೂ ಮಂದಿನ್ನ ನಾ ನೋಡಿದ್ದಿಲ್ಲ ಬಿಡ್ರಿ!"

ಜೀವಕೋಶಕ್ಕೆ 'ಈಗ ಎರಡಾಗು' ಎಂದು ಸೂಚಿಸುವ ಕೈನೇಸ್ ಎಂಬ ಪ್ರೋಟೀನು ಬೇವೂರಿನ ಉಳ್ಳಾಗಡ್ಡಿಯ ಬೇರಿನಲ್ಲೂ ಇದೆಯೆಂದು ತೋರಿಸುವುದರಲ್ಲಿ ಗುರುಸಿದ್ದವ್ವನ ವರ್ಷಗಳೇ ಕಳೆದಿದ್ದವು. ಒಂದೇ ಪ್ರೋಟೀನನ್ನು ಗುರುತಿಸಿ ಹಿಡಿಯಬೇಕಾದ ಅವಳ ಪ್ರತಿಕಾಯ ಅದನ್ನು ಹಿಡಿದಾಗ, ಬೇರಿನ ಪ್ರೋಟೀನುಗಳನ್ನು ಅಂಟಿಸಿದ ಪಟ್ಟಿಯ ಮೇಲೆ ಕಂದು ಗೆರೆ ಮೂಡುತ್ತಿತ್ತು. "ಅದು ಮತ್ತೇನರ ಹಿಡಿದಿದ್ರ?" ಎಂದು ಧಾರವಾಡದ ಗೈಡು ಕೇಳಿದ್ದರು. ಹಾಗಾಗಿದ್ದರೆ ಅಷ್ಟೂ ಕೆಲಸ ನೀರುಪಾಲು.

ಅದಕ್ಕೇ ಈ ಪರೀಕ್ಷೆ. ಕೈನೇಸಿನ ಒಂದು ತುಣುಕಿನಂತೆಯೇ ಇರುವ ಪೆಪ್ಟೈಡನ್ನು ಒಂದು ತಟ್ಟೆಯ ಹಾಲಿಗೆ ಹಾಕುವ ಪ್ರತಿಕಾಯಕ್ಕೆ ಮೊದಲೇ ಬೆರೆಸಿದ್ದಳು. ಸೀರೆಗೆ ಸೆರಗು ಕೂಡಿಸುವಾಗ ಅವ್ವ ನೂಲಿನ ಕುಣಿಕೆಯೊಳಗೆ ಕುಣಿಕೆ ಹಾಕುತ್ತಿದ್ದಳು. ಕುಣಿಕೆಯಲ್ಲಿ ಬೇರೆ ನೂಲು ಮೊದಲೇ ಕೂತಿದ್ದರೆ ಸೆರಗು ಕೂಡುತ್ತಿರಲಿಲ್ಲ. ಹಾಗೆಯೇ, ಪೆಪ್ಟೈಡು ಹಿಡಿದುಕೊಂಡ ಪ್ರತಿಕಾಯಕ್ಕೆ ಕೈನೇಸು ಸಿಗಬಾರದು. ಆ ತಟ್ಟೆಯಲ್ಲಿ ಗೆರೆ ಬರಬಾರದು; ಬಂದರೆ ಪ್ರತಿಕಾಯ ಹಿಡಿದದ್ದು ಬೇರೇನನ್ನೋ.

ಗುರುಸಿದ್ದವ್ವ ಪಟ್ಟಿಗಳನ್ನು ತೊಳೆದು, ಬಣ್ಣದ ನೀರು ಹಾಕಿದಳು. ದಸ್ತಗೀರಬಿಯ ಬಲಗೈಯ ತಟ್ಟೆಯಲ್ಲಿ ಗೆರೆ ಮೂಡಿತು. ಎಡಗೈಯ ತಟ್ಟೆಯಲ್ಲಿ, ಪೆಪ್ಟೈಡಿನದರಲ್ಲಿ, ಪಟ್ಟಿ ಬೆಳ್ಳಗಿತ್ತು. ಎಷ್ಟು ಹೊತ್ತು ಕಾದರೂ ಬೆಳ್ಳಗೇ ಉಳಿಯಿತು.

ಹಿಗ್ಗಲು ಗುರುಸಿದ್ದವ್ವನಲ್ಲಿ ತ್ರಾಣವಿರಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕಣ್ಣೊರೆಸಿಕೊಂಡಳು.

ದಸ್ತಗೀರಬಿಯ ಮುಖ ಸಣ್ಣದಾಯಿತು. "ಯಾ ಅಲ್ಲಾ! ಅದನ್ನ ಎಡಗೈಲೆ ತೂಗಿದ್ನೆಲ್ರಿ. ನಾನ ಕೆಡಿಸಿದೆ."

"ಇಲ್ಲವಾ, ಬರಬಾರದಿತ್ತು, ಬರಲಿಲ್ಲ. ನನ್ನ ಕೆಲಸ ಖರೆ ಆತು."

"ನನ್ನ ಮನಸ ನೋಯಬಾರ್ದಂತ ಹೇಳ್ತೀರಿ. ನಾಳಿ ಬಲಗೈಲೆ ತೂಗ್ತೇನಿ, ಬರ್ತದ ತಗೋರಿ."

"ನಾಳಿನೂ ಬರಬಾರದವಾ!" ಗುರುಸಿದ್ದವ್ವ ನಕ್ಕಳು. ಅಷ್ಟಕ್ಕೇ ದಣಿದಳು.

"ಹೌದ್ರಿ, ಹೌದ್ರಿ," ಎಂದು ನಂಬದೆ ತಲೆಯಾಡಿಸಿದ ದಸ್ತಗೀರಬಿ ಮೂಲೆಗೆ ಹೋದಳು. ತಟ್ಟೆ ತೂಗುವ ಗಡಿಬಿಡಿಯಲ್ಲಿ ತಾನು ಉಣ್ಣದೇ ಬಿಟ್ಟಿದ್ದ ಬುತ್ತಿ ಅಲ್ಲಿತ್ತು. ಗಂಟು ಬಿಚ್ಚಿ, ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ, ಈ ಸಲ ಮರೆಯದೆ ಬಲಗೈಯಲ್ಲಿ ಹಿಡಿದು, ಗುರುಸಿದ್ದವ್ವನ ಮುಂದೆ ಚಾಚಿದಳು.