ಕೊನೆಯ ಕ್ಲೋರಿನ್

ಡೊಂಬಿವ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಸಂಕರ್ಷಣ ರಾಯರದೊಂದು ಸಣ್ಣ ವರ್ಕ್‌ಶಾಪು. ಹಿತ್ತಾಳೆಯ ವಾಲ್ವಿನ ಬಿಡಿಭಾಗಗಳು ಎಣ್ಣೆ ಮೆತ್ತಿಕೊಂಡು ಅಲ್ಲಿಗೆ ಬರುತ್ತವೆ. ಬಿಸಿ ಟ್ಯಾಂಕಿನಲ್ಲಿ ಟಿಸಿಇ ಎಂಬ ದ್ರಾವಕ ಅವುಗಳ ಜಿಡ್ಡನ್ನೆಲ್ಲ ಬಿಡಿಸಿ ಫಳಫಳ ಹೊಳೆಯಿಸುತ್ತದೆ. ತಳದಲ್ಲಿ ಉಳಿಯುವ ಕಪ್ಪು ರಾಡಿಯನ್ನು ಕೆಲಸಗಾರ ಮಾಪಣ್ಣ ಬಕೆಟ್ಟಿನಲ್ಲಿ ಒಯ್ದು ಹಿತ್ತಲಿನ ಗುಂಡಿಗೆ ಸುರಿಯುತ್ತಾನೆ. ಹನ್ನೊಂದು ವರ್ಷದಿಂದ ಹೀಗೆಯೇ ನಡೆದಿತ್ತು.

ಒಂದು ಶನಿವಾರ ರಾಯರ ಅಕ್ಕನ ಮಗಳು ಸುಮೇಧಾ ಥಾಣೆ ಊರಿನಿಂದ ಲೋಕಲ್ ರೈಲು ಹಿಡಿದು ಬಂದಳು. ಅವಳು ಸೂಕ್ಷ್ಮಜೀವಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಬ್ಯಾಗಿನಲ್ಲಿ ಮಣ್ಣು ಕೊರೆಯುವ ಬೈರಿಗೆ, ರಬ್ಬರ್ ಬಿರಡೆಯ ಬಾಟಲಿಗಳು.

"ಮಾವ, ನಿಮ್ಮ ಗುಂಡಿ ಹತ್ರದ ಮಣ್ಣು ಬೇಕಿತ್ತು. ಚಲೇಗಾ, ತಗೊಳ್ಳಲಾ?"

"ಆ ಹೊಲಸು ಮಣ್ಣು ಎಂಥಕ್ಕೆ ಮಾರಾಯ್ತಿ?"

"ಅದರಲ್ಲಿ ಒಂಥರಾ ಬ್ಯಾಕ್ಟೀರಿಯಾ ಇರಬಹುದು. ನಾವು ಗಾಳಿ ಉಸಿರಾಡೋ ಹಾಗೆ ಅವು ಟಿಸಿಇ ಉಸಿರಾಡ್ತವೆ. ಗಾಳಿ ತಾಗಿದ್ರೆ ಸತ್ತೇ ಹೋಗ್ತವೆ."

ರಾಯರಿಗೆ ಇದು ಸೋಜಿಗವೆನಿಸಿತು. ಅಂಗಿಯ ತೋಳು ಮಡಚಿ ತಾವೇ ಬೈರಿಗೆ ತಿರುಗಿಸಿದರು. ಆರಡಿ ಆಳದಿಂದ ಬಂದ ಕರಿಮಣ್ಣಿಗೆ ಸಿಹಿಯಾದೊಂದು ವಾಸನೆಯಿತ್ತು. ಸುಮೇಧಾ ಅದನ್ನು ಗಾಳಿ ತಾಗದಂತೆ ಬಾಟಲಿಗೆ ತುಂಬಿದಳು.

ಅಂದಿನಿಂದ ಭಾನುವಾರ ಬಂತೆಂದರೆ ರಾಯರ ಫೋನು. "ಎಂಥ ಮಾಡ್ತಾ ಉಂಟು ನಿನ್ನ ಪ್ರಾಣಿಗಳು?"

ಅವಳು ಬೇಸರಿಸದೆ ಹೇಳುತ್ತಿದ್ದಳು. ಟಿಸಿಇಯ ಒಂದೊಂದು ಅಣುವಿಗೂ ಮೂರು ಕ್ಲೋರಿನ್. ಬ್ಯಾಕ್ಟೀರಿಯಾದ ಕಿಣ್ವ ಅವನ್ನು ಒಂದೊಂದಾಗಿ ಕೀಳುತ್ತದೆ. ಆ ಕಿಣ್ವದ ನಡುವೆ ಕೂತು ಕೆಲಸ ಮಾಡುವುದು ಬಿ12 ಜಾತಿಯ ಜೀವಸತ್ವ.

"ಡಾಕ್ಟ್ರು ನನಗೆ ಬರೆದು ಕೊಟ್ಟ ಮಾತ್ರೆಯೇ ಅಲ್ವನಾ!" ಎಂದು ರಾಯರು ನಕ್ಕರು. "ಮೂರೂ ಹೋದ ಮೇಲೆ ಎಂಥ ಉಳಿತದೆ?"

"ಎಥಿಲೀನ್. ಬಾಳೆಕಾಯಿ ಹಣ್ಣಾಗ್ತದಲ್ಲ, ಅದೇ ಗ್ಯಾಸು."

ಮರುದಿನ ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಇದೇ ಸುದ್ದಿ. "ನಮ್ಮ ಮಣ್ಣು ತನ್ನಷ್ಟಕ್ಕೆ ತೊಳೆದುಕೊಳ್ತದೆ. ನೀನು ಹೆದರಬೇಡ, ಸುರಿ" ಎಂದು ರಾಯರು ಮಾಪಣ್ಣನಿಗೂ ಹೇಳಿದರು.

ಮೂರು ತಿಂಗಳ ನಂತರ ಒಂದು ಸಂಜೆ ಸುಮೇಧಾ ಫೋನು ಮಾಡದೆ ಬಂದಳು. ನೀರು ಕುಡಿಯುವ ಮೊದಲೇ ಮೇಜಿನ ಮೇಲೆ ಒಂದು ಹಾಳೆ ಬಿಡಿಸಿದಳು.

"ಎರಡು ಕ್ಲೋರಿನ್ ಹೋಗಿದೆ ಮಾವ. ಮೂರನೇದು ಹೋಗ್ತಿಲ್ಲ."

"ಎರಡಾದರೂ ಹೋಯ್ತಲ್ಲ. ಅಷ್ಟು ವಿಷ ಕಡಿಮೆ."

"ಕಡಿಮೆ ಅಲ್ಲ, ಜಾಸ್ತಿ. ಒಂದೇ ಉಳಿದಾಗ ಅದು ವಿನೈಲ್ ಕ್ಲೋರೈಡ್. ಟಿಸಿಇಗಿಂತ ಕೆಟ್ಟದ್ದು, ಕ್ಯಾನ್ಸರ್ ತರ್ತದೆ. ಕೊನೇದನ್ನು ಕೀಳೋ ಕಿಣ್ವ ಬೇರೆ, ಅದಿರೋ ಬ್ಯಾಕ್ಟೀರಿಯಾ ನಿಮ್ಮ ಮಣ್ಣಲ್ಲಿಲ್ಲ." ಅವಳು ಹಾಳೆಯ ಕೊನೆಯ ಸಾಲಿಗೆ ಬೆರಳಿಟ್ಟಳು. "ಹೋದ ತಿಂಗಳು ಹಿಂದಿನ ಗೋಡೆಯಾಚೆ ಚಾಳಿನ ಮನೆಗಳಿವೆಯಲ್ಲ, ಅಲ್ಲಿನ ಬೋರ್‌ವೆಲ್ ನೀರೂ ತಗೊಂಡು ಹೋಗಿದ್ದೆ. ಅದರಲ್ಲೂ ಇದೆ."

ರಾಯರ ಮುಖ ಕೆಂಪಾಯಿತು. "ನಾನೊಬ್ಬನೇ ಸುರಿದದ್ದಾ? ರಾಡಿ ಒಯ್ಯುವ ಟ್ಯಾಂಕರಿನವನಿಗೆ ಕೊಟ್ಟರೆ ಅವನು ಸಮುದ್ರದ ಹಿನ್ನೀರಿಗೆ ಬಿಡುದಿಲ್ಲ ಅಂತ ಏನು ಗ್ಯಾರಂಟಿ? ನಾಳೆ ಪೊಲ್ಯೂಶನ್ ಬೋರ್ಡಿನವರು ಬೀಗ ಹಾಕಿದರೆ ಇಲ್ಲಿಯ ಹದಿನಾಲ್ಕು ಜನ ಎಲ್ಲಿಗೆ ಹೋಗುದು? ಅದು ನಿನ್ನ ಹಾಳೆಯಲ್ಲಿ ಉಂಟಾ?"

"ಇಲ್ಲ ಮಾವ."

ಬಾಗಿಲಲ್ಲಿ ಮಾಪಣ್ಣ ನಿಂತಿದ್ದ. ಕೈಯಲ್ಲಿ ರಾಡಿಯ ಬಕೆಟ್. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ನಮ್ಮ ಚಾಳಿನ ಬೋರೇನ್ರಿ ಅಕ್ಕಾರ? ನಳ ಬರಲಾರದ ದಿನ ಅದನ್ನಽ ಕುಡೀತೀವ್ರಿ. ನಮ್ಮ ಕೂಸಿನ ಮೈ ದಿನಾ ಅದರಾಗಽ ತೊಳೀತೀವಿ."

ಅವನು ರಾಯರತ್ತ ತಿರುಗಿದ. "ಸಾಹೇಬ್ರ, ಇವತ್ತಿಂದು ಎಲ್ಲಿ ಸುರೀಲ್ರಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಪ್ರತಿದಿನದ ಹಾಗೆ ಅಪ್ಪಣೆ ಕೇಳುತ್ತಿದ್ದ, ಅಷ್ಟೆ. ರಾಯರಿಗೆ ತಡೆದುಕೊಳ್ಳಲಾಗದೇ ಹೋದದ್ದು ಅದೇ.

"ಕೆಳಗಿಡು ಮಾಪಣ್ಣ. ಟ್ಯಾಂಕಿನ ಸ್ವಿಚ್ಚು ಬಂದ್ ಮಾಡು."

ಆ ಸಂಜೆ ರಾಯರು ಮಾಲಿನ್ಯ ನಿಯಂತ್ರಣ ಮಂಡಳಿಗೆ ತಮ್ಮ ಹೆಸರಿನಲ್ಲೇ ಪತ್ರ ಬರೆದರು. ಗುಂಡಿಯ ಅಳತೆ, ವರ್ಷಗಳ ಲೆಕ್ಕ, ಏನನ್ನೂ ಮುಚ್ಚಿಡಲಿಲ್ಲ. ಸುಮೇಧಾ ಓದಿ ನೋಡಿದಳು.

"ಕೊನೇ ಕ್ಲೋರಿನ್ ಕೀಳೋ ಬ್ಯಾಕ್ಟೀರಿಯಾ ನಮ್ಮ ಲ್ಯಾಬಲ್ಲಿ ಬೆಳೀತಾ ಇದೆ" ಎಂದಳು. "ಮಂಡಳಿ ಒಪ್ಪಿದ್ರೆ ಅವಕ್ಕೆ ಆಹಾರವಾಗಿ ಬೆಲ್ಲದ ನೀರಿನ ಜೊತೆ ಇಲ್ಲಿ ನೆಲದೊಳಗೆ ಬಿಡಬಹುದು. ಆದರೆ ಟೈಮ್ ಲಗೇಗಾ. ನಾಲ್ಕೈದು ವರ್ಷ ಹಿಡೀಬಹುದು."

"ಅಲ್ಲಿಯವರೆಗೆ ಆ ನೀರು?"

ಅವಳು ಬಳಸಬಾರದೆಂದು ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ಏಳಕ್ಕೆ ರಾಯರು ಹಿಂದಿನ ಗೋಡೆ ಬಳಸಿಕೊಂಡು ಚಾಳಿಗೆ ಹೋದರು. ಬೋರ್‌ವೆಲ್ಲಿನ ಸುತ್ತ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಸಾಲಿನ ಕೊನೆಯಲ್ಲಿ ಕೊಡವಿಲ್ಲದೆ ನಿಂತ ಮಾಪಣ್ಣ, ಸೊಂಟದ ಮೇಲೆ ಮಗು.

"ಹೇ ಪಾಣಿ ವಾಪರೂ ನಕಾ" ಎಂದರು ರಾಯರು. ಈ ನೀರು ಬಳಸಬೇಡಿ, ಇದರಲ್ಲಿ ವಿಷ ಸೇರಿದೆ ಎಂದು ತಮಗೆ ಬರುವ ಮರಾಠಿಯಲ್ಲಿ ಬಿಡಿಸಿ ಹೇಳಿದರು.

ಪಂಪು ಹಿಡಿದಿದ್ದ ಮುದುಕಿ ಕೈ ನಿಲ್ಲಿಸಿದಳು. "ಕೋಣೀ ಟಾಕ್ಲಂ?" ಯಾರು ಹಾಕಿದ್ದು?

ಮಾಪಣ್ಣ ನೆಲ ನೋಡುತ್ತಿದ್ದ. ಅವನ ತುಟಿ ಅಲುಗಿತು. ರಾಯರು ಅವನಿಗೆ ಅವಕಾಶ ಕೊಡಲಿಲ್ಲ.

"ಮೀ ಟಾಕ್ಲಂ" ಎಂದರು. "ನಾನು. ಹನ್ನೊಂದು ವರ್ಷ."

ಒಬ್ಬಳು ತುಂಬಿದ ಕೊಡವನ್ನು ಅವರ ಕಾಲ ಬಳಿಯೇ ಬೋರಲು ಹಾಕಿದಳು. ಆಮೇಲೆ ಎಲ್ಲರ ಬಾಯೂ ಒಟ್ಟಿಗೆ ತೆರೆಯಿತು. ತಮ್ಮ ಮಕ್ಕಳ ಹೆಸರು, ಕಾಯಿಲೆಗಳ ಹೆಸರು, ಬೈಗುಳ. ರಾಯರು ಅಷ್ಟನ್ನೂ ನಿಂತು ಕೇಳಿದರು. ಗದ್ದಲ ಸ್ವಲ್ಪ ತಗ್ಗಿದಾಗ ಮುದುಕಿ ಕೇಳಿದಳು, ಹಾಗಾದರೆ ಇವತ್ತಿನ ನೀರು ಎಲ್ಲಿಂದ?

ವರ್ಕ್‌ಶಾಪಿಗೆ ಪೈಪಿನಲ್ಲಿ ಬರುವ ಒಳ್ಳೆಯ ನೀರಿತ್ತು. ಈವರೆಗೆ ಅದರಲ್ಲಿ ಹಿತ್ತಾಳೆ ತೊಳೆಯುತ್ತಿದ್ದರು. ರಾಯರು ಹಿತ್ತಲಿನ ತುಕ್ಕು ಹಿಡಿದ ಗೇಟನ್ನು ಎರಡೂ ಕೈಯಿಂದ ಎಳೆದು ತೆರೆದರು. ಹೆಂಗಸರು ಅನುಮಾನಿಸಿದರು, ಆಮೇಲೆ ಒಬ್ಬೊಬ್ಬರಾಗಿ ಒಳಗೆ ಬಂದರು. ಮಾಪಣ್ಣ ಮಗುವನ್ನು ರಾಯರ ಕೈಗೆ ಕೊಟ್ಟು, ಪೈಪು ಎಳೆದು, ಮೊದಲ ಕೊಡಕ್ಕೆ ನೀರು ಬಿಟ್ಟ.